ಕೀ ತಿರುಗಿಸುವ ಮುಂಚೆ ಫೋನಿಗೆ ಎರಡು ನಿಮಿಷ

ಗಾಡಿ ಓಡಿಸುವಾಗ ಫೋನ್ ಮುಟ್ಟಬಾರದು ಎಂದು ಎಲ್ಲರಿಗೂ ಗೊತ್ತು. ಆದರೂ ಟಿಂಗ್ ಎಂದ ಕೂಡಲೇ ಕೈ ತಾನಾಗಿ ಅತ್ತ ಹೋಗುತ್ತದೆ. ರಸ್ತೆಯ ನಡುವೆ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತೇನೆ ಎಂದರೆ ಆಗುವ ಮಾತಲ್ಲ. ಫೋನ್ ಸದ್ದು ಮಾಡದ ಹಾಗೆ, ಕೈಗೆ ಸಿಗದ ಹಾಗೆ ಹೊರಡುವ ಮೊದಲೇ ಏರ್ಪಾಟು ಮಾಡಿಕೊಳ್ಳಬೇಕು. ಅದಕ್ಕೆ ಮೊದಲ ಸಲ ಹತ್ತು ನಿಮಿಷ, ಆಮೇಲೆ ಪ್ರತಿ ಸಲ ಎರಡು ನಿಮಿಷ ಸಾಕು.

ಮೊದಲು ಸ್ವಲ್ಪ ಲೆಕ್ಕ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಬಂದ ಮೆಸೇಜು ಯಾರದು, ಏನು ಎಂದು ಓದಲು 5 ಸೆಕೆಂಡು ಹಿಡಿದರೂ ಅಷ್ಟರಲ್ಲಿ ಗಾಡಿ 83 ಮೀಟರ್ ಹೋಗಿರುತ್ತದೆ. ದೊಡ್ಡ ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ ಏಳು ಬಸ್ಸಿನ ಉದ್ದ. ಅಷ್ಟು ದೂರ ಕಣ್ಣು ಮುಚ್ಚಿಕೊಂಡು ಓಡಿಸಿದಂತೆಯೇ. ತಲೆ ಎತ್ತಿದಾಗ ಎದುರಿಗೆ ಎಮ್ಮೆ ಕಂಡಿತು ಎನ್ನಿ. ಕಂಡದ್ದು ಮಿದುಳಿಗೆ ಹೊಳೆದು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು, ಅಂದರೆ ಇನ್ನೊಂದು 25 ಮೀಟರ್. ಬ್ರೇಕ್ ಹಿಡಿದ ಮೇಲೂ ಒಣ ರಸ್ತೆಯಲ್ಲಿ 20 ಮೀಟರಿನಷ್ಟು ಜಾಗ ಬೇಕು. ಮಳೆ ಬಿದ್ದಿದ್ದರೆ ಇನ್ನೂ ಹೆಚ್ಚು. ನಮ್ಮ ಊರುಗಳ ಬಣ್ಣ ಕಾಣದ ಹಂಪುಗಳು, ಇಂಡಿಕೇಟರ್ ಹಾಕದೆ ನಿಲ್ಲುವ ಆಟೋಗಳು ಇಷ್ಟೆಲ್ಲ ಪುರುಸೊತ್ತು ಕೊಡುವುದಿಲ್ಲ.

ಬ್ಲೂಟೂತ್ ಇದೆಯಲ್ಲ ಎನ್ನುವವರಿಗೆ

ಕೈ ಖಾಲಿ ಇದ್ದರೆ ಸಾಕು ಎಂಬುದೇ ಈ ವಿಷಯದಲ್ಲಿ ದೊಡ್ಡ ತಪ್ಪು ಕಲ್ಪನೆ. 1997ರಲ್ಲಿ ಟೊರಾಂಟೊದಲ್ಲಿ 699 ಚಾಲಕರ ಫೋನ್ ಬಿಲ್ ಇಟ್ಟುಕೊಂಡು ನಡೆದ ಅಧ್ಯಯನ, 2005ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಆಸ್ಪತ್ರೆ ಸೇರಿದ 456 ಚಾಲಕರ ಅಧ್ಯಯನ, ಎರಡರಲ್ಲೂ ಫೋನಿನಲ್ಲಿ ಮಾತಾಡುತ್ತ ಓಡಿಸಿದರೆ ಅಪಘಾತದ ಅಪಾಯ ನಾಲ್ಕು ಪಟ್ಟು ಎಂದು ಕಂಡಿತು. ಕೈಯಲ್ಲಿ ಹಿಡಿದು ಮಾತಾಡಿದವರಿಗೂ ಹ್ಯಾಂಡ್ಸ್‌ಫ್ರೀ ಬಳಸಿದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಕಾರಣ ಕೈಯಲ್ಲಿಲ್ಲ, ತಲೆಯಲ್ಲಿದೆ. ಕಣ್ಣು ರಸ್ತೆಯ ಮೇಲಿದ್ದರೂ ಗಮನ ಮಾತಿನಲ್ಲಿದ್ದರೆ ನೋಡಿದ್ದು ತಲೆಗೆ ಹೋಗುವುದಿಲ್ಲ.

ಪಕ್ಕದಲ್ಲಿ ಕೂತವರ ಜೊತೆ ಮಾತಾಡುವುದಿಲ್ಲವೇ ಎಂದು ಕೇಳಬಹುದು. ಪಕ್ಕದವರಿಗೂ ರಸ್ತೆ ಕಾಣುತ್ತಿರುತ್ತದೆ. ಲಾರಿ ಅಡ್ಡ ಬಂದರೆ ಅವರೂ ಮಾತು ನಿಲ್ಲಿಸುತ್ತಾರೆ, "ನೋಡ್ಕೊಂಡು, ನೋಡ್ಕೊಂಡು" ಎನ್ನುತ್ತಾರೆ. ಫೋನಿನ ಆ ಕಡೆ ಇರುವವರು ಸೈಟಿನ ರೇಟು ಕೇಳುತ್ತಲೇ ಇರುತ್ತಾರೆ.

ಬಾಯಲ್ಲಿ ಹೇಳಿ ಮೆಸೇಜು ಕಳಿಸುವುದೂ ಪುಕ್ಕಟೆ ಅಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 2015ರಲ್ಲಿ ಅಳೆದು ನೋಡಿದಾಗ, ಕೆಲವು ವಾಯ್ಸ್ ಕಮಾಂಡ್ ವ್ಯವಸ್ಥೆಗಳನ್ನು ಬಳಸಿ ಮುಗಿಸಿದ ಮೇಲೂ ಗಮನ ಪೂರ್ತಿ ರಸ್ತೆಗೆ ಮರಳಲು 27 ಸೆಕೆಂಡಿನವರೆಗೆ ಬೇಕಾಗಿತ್ತು. ಕೆಂಪು ಸಿಗ್ನಲ್‌ನಲ್ಲಿ ವಾಟ್ಸಾಪ್ ನೋಡಿ, ಹಸಿರು ಬಿದ್ದ ತಕ್ಷಣ ಹೊರಡುವವರು ಇದನ್ನು ಗಮನಿಸಬೇಕು. ಹಿಂದಿನವರು ಹಾರ್ನ್ ಹೊಡೆದ ಗಾಬರಿಗೆ ಕ್ಲಚ್ ಬಿಡುತ್ತೀರಿ. ಅಷ್ಟರಲ್ಲಿ ಬಂಪರಿನ ಮುಂದೆ ಒಂದು ಸ್ಕೂಟರ್ ನುಸುಳಿ ನಿಂತಿರುತ್ತದೆ.

ಒಂದು ಸಲ ಮಾಡಿಟ್ಟುಕೊಳ್ಳುವ ಸೆಟ್ಟಿಂಗ್

ಐಫೋನಿನಲ್ಲಿ: ಸೆಟ್ಟಿಂಗ್ಸ್ ತೆರೆದು ಫೋಕಸ್‌ಗೆ ಹೋಗಿ ಡ್ರೈವಿಂಗ್ ಆರಿಸಿ. ಅದು ಯಾವಾಗ ಶುರುವಾಗಬೇಕು ಎಂದು ಕೇಳುವ ಕಡೆ ಕಾರಿರುವವರು ಕಾರಿನ ಬ್ಲೂಟೂತ್ ಸೇರಿದಾಗ ಎಂಬುದನ್ನು ಹಾಕಿ. ಆಟೊಮ್ಯಾಟಿಕ್ ಹಾಕಿದರೆ ನೀವು ಬಸ್ಸಿನಲ್ಲಿ ಕೂತಾಗಲೂ ಶುರುವಾಗಬಹುದು, ಬೇಸತ್ತು ಪೂರ್ತಿ ಆಫ್ ಮಾಡಿಬಿಡುತ್ತೀರಿ. ಬೈಕಿನವರು ಕೈಯಿಂದಲೇ ಆನ್ ಮಾಡುವುದು ಒಳ್ಳೆಯದು. ಅಲ್ಲೇ ಆಟೋ ರಿಪ್ಲೈ ಇದೆ. ಅದರಲ್ಲಿರುವ ಇಂಗ್ಲಿಷ್ ಸಾಲು ಅಳಿಸಿ "ಗಾಡಿ ಓಡಿಸ್ತಿದ್ದೀನಿ, ತಲುಪಿದ ಮೇಲೆ ನಾನೇ ಮಾಡ್ತೀನಿ" ಎಂದು ಬರೆದಿಡಿ. ಈ ಉತ್ತರ ಮೆಸೇಜುಗಳಿಗೆ ಹೋಗುತ್ತದೆ, ವಾಟ್ಸಾಪಿಗೆ ಹೋಗುವುದಿಲ್ಲ.

ಆಂಡ್ರಾಯ್ಡ್‌ನಲ್ಲಿ ಕಂಪನಿ ಬದಲಾದ ಹಾಗೆ ಜಾಗವೂ ಹೆಸರೂ ಬದಲಾಗುತ್ತದೆ. ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಪಟ್ಟಿಯಲ್ಲಿ "ಡ್ರೈವಿಂಗ್" ಎಂದು ಹಾಕಿ ನೋಡಿ. ಸ್ಯಾಮ್‌ಸಂಗ್‌ನಲ್ಲಿ ಮೋಡ್ಸ್ ಆ್ಯಂಡ್ ರೂಟೀನ್ಸ್ ಒಳಗೆ ಸಿಗುತ್ತದೆ. ಅದಿಲ್ಲದಿದ್ದರೆ ಡು ನಾಟ್ ಡಿಸ್ಟರ್ಬ್ ಸಾಕು. ಅದರೊಳಗೆ ಕಾಲ್ಸ್ ಎಂಬಲ್ಲಿ ಸ್ಟಾರ್ ಹಾಕಿದ ನಂಬರುಗಳಿಗೆ ಮಾತ್ರ ಅನುಮತಿ ಕೊಡಿ. ಸ್ಟಾರ್ ಮೂರು ನಾಲ್ಕು ನಂಬರಿಗಷ್ಟೇ ಇರಲಿ, ಮನೆ, ಮಕ್ಕಳ ಶಾಲೆ, ಅಷ್ಟೇ. ರಿಪೀಟ್ ಕಾಲರ್ಸ್ ಆನ್ ಇಟ್ಟರೆ ಒಂದೇ ನಂಬರಿನಿಂದ 15 ನಿಮಿಷದೊಳಗೆ ಎರಡನೇ ಸಲ ಬಂದ ಕರೆ ರಿಂಗ್ ಆಗುತ್ತದೆ. "ಅರ್ಜೆಂಟ್ ಇದ್ದರೆ?" ಎಂಬ ಭಯಕ್ಕೆ ಇದೇ ಮದ್ದು. ಮನೆಯವರಿಗೆ ಹೇಳಿಡಿ: ಜೀವ ಹೋಗುವ ಸಂಗತಿಯಾದರೆ ಎರಡು ಸಲ ಮಾಡಿ. ರಿಂಗ್ ಆದರೂ ಓಡುತ್ತ ತೆಗೆಯುವುದಲ್ಲ. ಪಕ್ಕಕ್ಕೆ ಹಾಕಿ ನಿಲ್ಲಿಸಬೇಕು ಎಂಬುದಕ್ಕೆ ಅದು ಸೂಚನೆ.

ಇಷ್ಟಾದರೂ ಪರದೆ ಬೆಳಗುತ್ತಿದ್ದರೆ ಕಣ್ಣು ಜಾರುತ್ತದೆ. ಮ್ಯಾಪ್ ಬೇಡದ ದಿನ ಫೋನ್ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ಬೈಕಿನವರಾದರೆ ಸೀಟಿನಡಿ ಅಥವಾ ಬೆನ್ನಿನ ಬ್ಯಾಗಿನಲ್ಲಿ ಇರಲಿ. ತೊಡೆಯ ಮೇಲೆ, ಗೇರಿನ ಹತ್ತಿರ ಬೇಡ. ಬ್ರೇಕ್ ಹಿಡಿದಾಗ ಜಾರಿ ಪೆಡಲ್ ಕೆಳಗೆ ಬೀಳುವುದೂ ಅದನ್ನು ಎತ್ತಿಕೊಳ್ಳಲು ಬಗ್ಗುವುದೂ ಇಲ್ಲಿಂದಲೇ ಶುರು.

ಮ್ಯಾಪ್ ಬೇಕಾದಾಗ

2020ರ ಅಕ್ಟೋಬರ್ 1ರಿಂದ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ದಾರಿ ನೋಡಲು ಮಾತ್ರ ಫೋನಿಗೆ ಅವಕಾಶ ಇದೆ, ಅದೂ ಚಾಲಕರ ಗಮನ ಕೆಡದ ಹಾಗೆ. ಆದ್ದರಿಂದ ಫೋನ್ ಹೋಲ್ಡರಿನಲ್ಲಿರಬೇಕು, ಕೈಯಲ್ಲಲ್ಲ.

ಕಾರಿನಲ್ಲಿ ಹೋಲ್ಡರ್ ಸ್ಟೇರಿಂಗಿನ ಪಕ್ಕದ ಎಸಿ ಕಿಂಡಿಯ ಮಟ್ಟದಲ್ಲಿ ಇದ್ದರೆ ಚೆನ್ನ. ಗಾಜಿನ ನಡುವೆ ಅಂಟಿಸಿದರೆ ದಾಟುವ ಜನ ಅದರ ಹಿಂದೆ ಮರೆಯಾಗುತ್ತಾರೆ. ಏರ್‌ಬ್ಯಾಗ್ ಎಂದು ಬರೆದ ಜಾಗದ ಮೇಲಂತೂ ಬೇಡವೇ ಬೇಡ, ಅದು ಬಿಚ್ಚಿಕೊಂಡಾಗ ಹೋಲ್ಡರ್ ಕಲ್ಲಿನಂತೆ ಮುಖಕ್ಕೆ ಬರುತ್ತದೆ. ಏಪ್ರಿಲ್ ಬಿಸಿಲಿಗೆ ಹೋಲ್ಡರನ್ನು ಅಂಟಿಸುವ ರಬ್ಬರ್ ಬಟ್ಟಲು ಹಿಡಿತ ಬಿಡುತ್ತದೆ, ಡ್ಯಾಶ್‌ಬೋರ್ಡಿನ ಮೇಲಿನ ಫೋನು ಕಾದು ಪರದೆ ಮಂಕಾಗುತ್ತದೆ, ಚಾರ್ಜ್ ನಿಲ್ಲುತ್ತದೆ. ಎಸಿ ಕಿಂಡಿಯ ಮುಂದೆ ಈ ತೊಂದರೆ ಕಡಿಮೆ. ಬೈಕಿನ ಹ್ಯಾಂಡಲ್‌ಗೆ ಕಟ್ಟುವವರು ಇನ್ನೊಂದು ಗಮನಿಸಿ: ದೊಡ್ಡ ಎಂಜಿನ್ನಿನ ಬೈಕುಗಳ ನಡುಕ ಫೋನಿನ ಕ್ಯಾಮೆರಾವನ್ನು ಹಾಳುಮಾಡಬಹುದು ಎಂದು ಆ್ಯಪಲ್ 2021ರಲ್ಲಿ ತಾನೇ ಎಚ್ಚರಿಸಿತ್ತು. ನಡುಕ ತಡೆಯುವ ರಬ್ಬರ್ ಇರುವ ಹೋಲ್ಡರ್ ತಗೊಳ್ಳಿ.

ಹೊರಡುವ ಮುಂಚೆ ಹೀಗೆ ಮಾಡಿ:

1. ಊರನ್ನು ಹಾಕಿ, ಪೂರ್ತಿ ದಾರಿಯನ್ನು ಒಮ್ಮೆ ನೋಡಿ. ದೊಡ್ಡ ತಿರುವು ಮೂರು ನಾಲ್ಕಿರುತ್ತವೆ, ಬಾಯಲ್ಲಿ ಹೇಳಿಕೊಳ್ಳಿ.
2. ಗೂಗಲ್ ಮ್ಯಾಪ್ಸ್‌ನಲ್ಲಿ ಧ್ವನಿಯನ್ನು ಕನ್ನಡಕ್ಕೆ ಬದಲಿಸಿ, ಸದ್ದು ಜೋರಾಗಿಡಿ.
3. ಘಾಟಿ, ಕಾಡಿನ ದಾರಿಯಾದರೆ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಸಿಗ್ನಲ್ ಹೋದಾಗ ಫೋನ್ ತಿಕ್ಕುವ ಕೆಲಸ ತಪ್ಪುತ್ತದೆ.
4. ಫಾಸ್ಟ್ಯಾಗ್ ಬ್ಯಾಲೆನ್ಸ್ ಈಗಲೇ ನೋಡಿ. ಟೋಲ್ ಹತ್ತಿರ ಬಂದಾಗ ರೀಚಾರ್ಜ್‌ಗೆ ಕೈ ಹಾಕುವವರು ಕಡಿಮೆ ಇಲ್ಲ.

ಮ್ಯಾಪ್ ತಪ್ಪುವುದು ಹೆಚ್ಚಾಗಿ ಫ್ಲೈಓವರ್ ಮತ್ತು ಸರ್ವಿಸ್ ರಸ್ತೆಗಳಲ್ಲಿ. ಮೇಲಿದ್ದೀರೋ ಕೆಳಗಿದ್ದೀರೋ ಎಂದು ಅದಕ್ಕೆ ತಿಳಿಯದು. ಅಂಥಲ್ಲಿ ರಸ್ತೆಯ ಬೋರ್ಡನ್ನೇ ನಂಬಿ. ತಿರುವು ತಪ್ಪಿದರೆ ಮುಂದೆ ಹೋಗಿ, ಅದು ಹೊಸ ದಾರಿ ಹುಡುಕಿಕೊಡುತ್ತದೆ. ಹೆದ್ದಾರಿಯಲ್ಲಿ ರಿವರ್ಸ್ ಹಾಕುವಷ್ಟು ಬೆಲೆ ಆ ಎರಡು ಕಿಲೋಮೀಟರಿಗಿಲ್ಲ.

ಎರಡು ಚಕ್ರದವರಿಗೆ

ಹೆಲ್ಮೆಟ್ಟಿನೊಳಗೆ ಫೋನ್ ತುರುಕಿಕೊಂಡು ಮಾತಾಡುತ್ತ ಹೋಗುವುದು ನಮ್ಮಲ್ಲಿ ಸಿಗ್ನಲ್‌ಗೊಬ್ಬರಂತೆ ಕಾಣುವ ದೃಶ್ಯ. ಅದಕ್ಕೆ ಜಾಗ ಮಾಡಲು ಗಲ್ಲದ ಪಟ್ಟಿಯನ್ನು ಸಡಿಲ ಬಿಟ್ಟಿರುತ್ತಾರೆ. ಸಡಿಲ ಪಟ್ಟಿಯ ಹೆಲ್ಮೆಟ್ ಬಿದ್ದಾಗ ತಲೆಯಿಂದ ಹಾರಿಹೋಗುತ್ತದೆ. ಹಾರದೆ ಉಳಿದರೆ ಮೆತ್ತನೆಯ ಸ್ಪಂಜು ಇರಬೇಕಾದ ಕಡೆ ಗಾಜು ಮತ್ತು ಲೋಹ ಕೆನ್ನೆಯ ಎಲುಬಿಗೆ ಒತ್ತಿಕೊಂಡಿರುತ್ತದೆ. ಕತ್ತು ಒಂದು ಕಡೆ ವಾಲಿ, ಆ ಕಡೆಯ ಕನ್ನಡಿ ನೋಡುವುದೂ ತಪ್ಪುತ್ತದೆ.

ಎಡಗೈಯಲ್ಲಿ ಫೋನ್ ಹಿಡಿದು ಬಲಗೈಯಲ್ಲಿ ಓಡಿಸುವುದು ಇನ್ನೂ ಕೆಟ್ಟದ್ದು. ಬೈಕಿನಲ್ಲಿ ಎಡಗೈಗೆ ಕ್ಲಚ್ ಇದೆ. ಸ್ಕೂಟರಿನಲ್ಲಿ ಎಡಗೈಗೆ ಹಿಂದಿನ ಬ್ರೇಕು; ಈಗಿನ 125 ಸಿಸಿವರೆಗಿನ ಹೆಚ್ಚಿನ ಸ್ಕೂಟರುಗಳಲ್ಲಿ ಆ ಒಂದು ಲಿವರೇ ಎರಡೂ ಚಕ್ರ ಹಿಡಿಯುತ್ತದೆ. ಅದು ಕೈಗೆ ಸಿಗದಿದ್ದರೆ ಉಳಿಯುವುದು ಬಲಗಡೆಯ ಮುಂದಿನ ಬ್ರೇಕ್ ಮಾತ್ರ. ಒಂದೇ ಕೈಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದರೆ ಹ್ಯಾಂಡಲ್ ತಿರುಚಿಕೊಳ್ಳುತ್ತದೆ, ರಸ್ತೆಯಲ್ಲಿ ಮರಳು ಇದ್ದರೆ ಮುಂದಿನ ಚಕ್ರ ಜಾರುತ್ತದೆ. ಆ ಕ್ಷಣದಲ್ಲಿ ಫೋನನ್ನು ಬಿಸಾಡಬೇಕು ಎಂದು ಯಾರಿಗೂ ಹೊಳೆಯುವುದಿಲ್ಲ.

ಎರಡೂ ಕಿವಿಗೆ ಇಯರ್‌ಬಡ್ ಬೇಡ. ಹಿಂದಿನಿಂದ ಬರುವ ಆ್ಯಂಬುಲೆನ್ಸ್, ಬಸ್ಸಿನ ಹಾರ್ನ್ ಎರಡೂ ಕೇಳಿಸುವುದಿಲ್ಲ. ಡೆಲಿವರಿಯವರು, ಕ್ಯಾಬಿನವರು ಹೊಸ ಆರ್ಡರಿನ ಪರದೆಯನ್ನು ನಿಂತಾಗಲೇ ನೋಡುವ ರೂಢಿ ಮಾಡಿಕೊಳ್ಳಬೇಕು. ಕ್ಷಣಗಣನೆಯ ಒತ್ತಡ ಆ್ಯಪ್‌ನವರದು, ಮೂಳೆ ನಿಮ್ಮದು. ವಿಳಾಸ ಪೂರ್ತಿ ಓದಿ, ಗಿರಾಕಿಗೆ ಮಾಡುವ ಕರೆ ಮಾಡಿ ಮುಗಿಸಿ, ಆಮೇಲೆ ಸ್ಟ್ಯಾಂಡ್ ತೆಗೆಯಿರಿ.

ಸಿಕ್ಕಿಬಿದ್ದರೆ

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಫೋನ್ ಹಿಡಿದು ಓಡಿಸುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ, ಅಥವಾ 6 ತಿಂಗಳಿಂದ ಒಂದು ವರ್ಷ ಜೈಲು, ಅಥವಾ ಎರಡೂ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 10,000 ರೂಪಾಯಿ ಅಥವಾ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡೂ. ಲೈಸೆನ್ಸ್ ಕನಿಷ್ಠ ಮೂರು ತಿಂಗಳು ಅಮಾನತು ಮಾಡಬೇಕೆಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಹೇಳಿದೆ. ಬೆಂಗಳೂರಿನಲ್ಲಿ 2022ರ ಡಿಸೆಂಬರಿನಲ್ಲಿ ಶುರುವಾದ ಜಂಕ್ಷನ್ ಕ್ಯಾಮೆರಾಗಳು ಕೈಯಲ್ಲಿರುವ ಫೋನನ್ನೂ ಹಿಡಿಯುತ್ತವೆ, ಅಕ್ಕಪಕ್ಕ ಪೊಲೀಸರು ಕಾಣದಿದ್ದರೂ ಸರಿ.

ನಿಲ್ಲಿಸಲೇಬೇಕಾದಾಗ

ಕನ್ನಡಿ ನೋಡಿ, ಎಡ ಇಂಡಿಕೇಟರ್ ಹಾಕಿ, ನಿಧಾನಿಸಿ ಪಕ್ಕಕ್ಕೆ ಬನ್ನಿ. ಪೆಟ್ರೋಲ್ ಬಂಕ್, ಹೋಟೆಲಿನ ಅಂಗಳ, ಸರ್ವಿಸ್ ರಸ್ತೆ, ಲಾರಿ ನಿಲ್ಲುವ ಲೇ ಬೈ, ಇವು ಸರಿಯಾದ ಜಾಗ. ತಿರುವು, ಸೇತುವೆ, ಫ್ಲೈಓವರ್, ಎಕ್ಸ್‌ಪ್ರೆಸ್‌ವೇಯ ಅಂಚು ಇವಲ್ಲ. ರಾತ್ರಿ ಹೊತ್ತು ಅಂಚಿನಲ್ಲಿ ನಿಂತ ಗಾಡಿಗೆ ಹಿಂದಿನಿಂದ ಬಂದು ಗುದ್ದುವುದು ನಮ್ಮ ಹೆದ್ದಾರಿಗಳ ಹಳೆಯ ರೋಗ. ಗಾಡಿ ಕೆಟ್ಟೇ ನಿಂತರೆ ಹಜಾರ್ಡ್ ಲೈಟ್ ಹಾಕಿ, ಎಲ್ಲರೂ ಇಳಿದು ತಡೆಗೋಡೆಯ ಆಚೆ ಹೋಗಿ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033, ಎಲ್ಲ ತುರ್ತಿಗೂ 112, ಆ್ಯಂಬುಲೆನ್ಸ್‌ಗೆ 108.

ಇನ್ನು ಫೋನ್ ಮಾಡುವವರದೂ ಒಂದು ಪಾಲಿದೆ. ಆ ಕಡೆಯಿಂದ ಹಾರ್ನ್ ಸದ್ದು ಕೇಳಿದರೆ "ಗಾಡೀಲಿದ್ದೀಯಾ? ನಿಲ್ಲಿಸಿದ ಮೇಲೆ ಮಾಡು" ಎಂದು ಇಟ್ಟುಬಿಡಿ. ಎಲ್ಲಿಗೆ ಬಂದೆ ಎಂದು ಪದೇಪದೇ ಕೇಳುವ ಮನೆಗಳಲ್ಲಿ ಹೊರಡುವ ಮುಂಚೆ ವಾಟ್ಸಾಪಿನ ಲೈವ್ ಲೊಕೇಶನ್ ಹಂಚಿಡಿ. 15 ನಿಮಿಷ, 1 ಗಂಟೆ, 8 ಗಂಟೆ ಎಂದು ಮೂರು ಆಯ್ಕೆ ಇವೆ. ಹಾಸನ ದಾಟಿದ್ದು ಅಮ್ಮನಿಗೆ ತಾನಾಗಿ ಕಾಣುತ್ತದೆ.