ಎಚ್‌ಒಜಿ ರೇಕ್‌ನ ಕಪ್ಲರ್ ಬಿಸಿ: ಮೆಗ್ಗರ್‌ಗೆ ಸಿಗದ ದೋಷವನ್ನು ನಾನು ಹಿಡಿದ ಬಗೆ

ಎಲ್‌ಎಚ್‌ಬಿ ಮಾದರಿಯ ರೈಲು ರೇಕ್‌ಗಳಿಗೆ (ಒಟ್ಟಿಗೆ ಜೋಡಿಸಿದ ಕೋಚ್‌ಗಳ ಸಾಲಿಗೆ) ಎಂಜಿನ್‌ನಿಂದಲೇ ವಿದ್ಯುತ್ ಕೊಡುವ ಎಚ್‌ಒಜಿ ಪದ್ಧತಿ ನಮ್ಮ ಡಿಪೋಗೆ ಬಂದ ಮೇಲೆ ಜನರೇಟರ್ ಹೊತ್ತ ಪವರ್ ಕಾರ್‌ನ ಡೀಸೆಲ್ ಲೆಕ್ಕ ಇಳಿಯಿತು, ಆದರೆ ಕೋಚ್‌ಗಳ ನಡುವೆ ವಿದ್ಯುತ್ ದಾಟಿಸುವ ಪಿನ್-ಸಾಕೆಟ್ ಜೋಡಣೆ, ಅಂದರೆ ಐ.ವಿ. ಕಪ್ಲರ್, ಸುಡುವ ಪ್ರಕರಣಗಳು ಏರಿದವು. ಕಾರಣ ಹೊರೆಯ ಹಾದಿಯಲ್ಲಿದೆ. ಡಬ್ಲ್ಯುಎಪಿ-7 ಎಂಜಿನ್‌ನ ಎರಡು ಕನ್ವರ್ಟರ್‌ಗಳು, ತಲಾ 500 ಕೆವಿಎ, 750 ವೋಲ್ಟ್ ತ್ರೀಫೇಸ್‌ನಲ್ಲಿ ರೇಕ್‌ನುದ್ದಕ್ಕೂ ಹೋಗುವ ಎ ಮತ್ತು ಬಿ ಫೀಡರ್‌ಗಳಿಗೆ ಕೊಡುತ್ತವೆ. ಪೂರ್ಣ ಹೊರೆಯಲ್ಲಿ ಪ್ರತಿ ಫೇಸ್‌ಗೆ 385 ಆಂಪಿಯರ್‌ನಷ್ಟು ಬರುತ್ತದೆ. ಇಡೀ ರೇಕ್‌ನ ಈ ಕರೆಂಟು ಎಂಜಿನ್‌ಗೆ ತಗಲಿದ ಮೊದಲ ಕಪ್ಲರ್‌ನಲ್ಲಿಯೇ ಹಾಯಬೇಕು. ಮುಂದೆ ಒಂದೊಂದು ಕೋಚ್‌ಗೂ ಕಡಿಮೆಯಾಗುತ್ತ ಹೋಗಿ, ಬಾಲದ ಕಪ್ಲರ್‌ನಲ್ಲಿ ಹೇಳಿಕೊಳ್ಳುವಂಥದ್ದೇನೂ ಉಳಿಯುವುದಿಲ್ಲ. ಹೀಗಾಗಿ ಬಾಲದಲ್ಲಿರುವ ಸಡಿಲ ಪಿನ್ ಹೋಗುವಾಗ ಸುಮ್ಮನಿದ್ದು, ಮರಳುವಾಗ ಎಂಜಿನ್ ಆ ತುದಿಗೆ ಬಂದ ಕೂಡಲೇ ಕಾಯತೊಡಗುತ್ತದೆ.

ಸುಟ್ಟ ಕಪ್ಲರ್‌ಗಳ ದಾಖಲೆ ತೆಗೆದು ನೋಡಿದರೆ ಬಹುತೇಕ ಎಲ್ಲದಕ್ಕೂ ಮೆಗ್ಗರ್ ರೀಡಿಂಗ್ ಚೆನ್ನಾಗಿಯೇ ಇರುತ್ತಿತ್ತು. ಮೆಗ್ಗರ್ ಇನ್ಸುಲೇಶನ್ ಅಳೆಯುತ್ತದೆಯೇ ಹೊರತು ಪಿನ್ನಿನ ಹಿಡಿತವನ್ನಲ್ಲ. 300 ಆಂಪಿಯರ್ ಹರಿಯುವಾಗ ಒಂದು ಸಂಪರ್ಕದ ರೋಧ 0.1 ಮಿಲಿಓಮ್ ಇದ್ದರೆ ಅಲ್ಲಿ ಹುಟ್ಟುವ ಶಾಖ 9 ವಾಟ್. ಅದೇ 1 ಮಿಲಿಓಮ್ ಆದರೆ 90 ವಾಟ್. ಗಾಳಿಯಾಡದ ಕವಚದೊಳಗೆ 90 ವಾಟ್ ಏನು ಮಾಡುತ್ತದೆಂಬುದನ್ನು ಕರಗಿದ ಪಿನ್ ಹಿಡಿದು ನೋಡಿದವರಿಗೆ ವಿವರಿಸಬೇಕಾಗಿಲ್ಲ.

ಮೊದಲು ಬಣ್ಣ ಬದಲಾಯಿಸುವ ತಾಪಪಟ್ಟಿಗಳನ್ನು ಕವಚದ ಮೇಲೆ ಅಂಟಿಸಿದೆವು. ತೊಳೆಯುವ ನೀರಿನ ರಭಸಕ್ಕೆ ಅರ್ಧದಷ್ಟು ಕಿತ್ತುಹೋದವು. ಆಮೇಲೆ ರೇಕ್ ನಿಲ್ಲಿಸಿ ತಪಾಸಣೆ ಮಾಡುವ ಪಿಟ್‌ಲೈನ್‌ನ 750 ವೋಲ್ಟ್ ಸಪ್ಲೈ ಕೊಟ್ಟು ಥರ್ಮಲ್ ಕ್ಯಾಮೆರಾ ಹಿಡಿದೆವು. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಆರ್‌ಎಂಪಿಯು (ಕೋಚಿನ ಚಾವಣಿಯ ಎ.ಸಿ. ಘಟಕ) ಕಂಪ್ರೆಸರ್‌ಗಳು ಓಡುವುದೇ ಅಪರೂಪವಾದ್ದರಿಂದ ಹೀಟರ್‌ಗಳನ್ನು ಹಾಕಿ ಹೊರೆ ಏರಿಸಲು ನೋಡಿದೆ. ಅರ್ಧ ಹೊರೆಯೂ ಬರಲಿಲ್ಲ. ಒಳಗಿನ ಬಿಸಿ ಕವಚದ ಹೊರಗೆ ಕಾಣಿಸಲು ಮುಕ್ಕಾಲು ಗಂಟೆಯಾದರೂ ಬೇಕಾಯಿತು, ಅಷ್ಟರಲ್ಲಿ ಸ್ವಚ್ಛತೆಯವರು ಬಂದು ಸಪ್ಲೈ ತೆಗೆಯಿರಿ ಎನ್ನುತ್ತಿದ್ದರು. ಪಿನ್‌ಗಳಿಗೆ ಎಮರಿ ಕಾಗದ ಹಾಕುವ ಹಳೆಯ ರೂಢಿಯಂತೂ ಬೆಳ್ಳಿ ಲೇಪವನ್ನೇ ತಿಂದು ರೋಗವನ್ನು ಹೆಚ್ಚಿಸುತ್ತದೆ.

ಕೊನೆಗೆ ಕೈಹಿಡಿದದ್ದು ಗುಜರಿಗೆ ಹೋಗಬೇಕಿದ್ದ ಒಂದು ಹಳೆಯ ವೆಲ್ಡಿಂಗ್ ರೆಕ್ಟಿಫೈಯರ್. ರೇಕ್ ಪೂರ್ತಿ ಸತ್ತಿರುವಾಗ, ಐಸೊಲೇಟ್ ಮಾಡಿ ಅರ್ತ್ ಮಾಡಿ ಖಚಿತಪಡಿಸಿಕೊಂಡ ಮೇಲೆ, ಒಂದು ಕೋಚ್‌ನ ಜಂಕ್ಷನ್ ಬಾಕ್ಸ್‌ನಿಂದ ಮುಂದಿನ ಕೋಚ್‌ನ ಜಂಕ್ಷನ್ ಬಾಕ್ಸ್‌ವರೆಗೆ ಒಂದೊಂದೇ ಫೇಸ್‌ನಲ್ಲಿ ಸುಮಾರು 100 ಆಂಪಿಯರ್ ಡಿ.ಸಿ. ಹಾಯಿಸಿ, ಬೇರೆಯೇ ತಂತಿಗಳಿಂದ ಮಿಲಿವೋಲ್ಟ್ ಇಳಿತ ಅಳೆದೆ. ಹೊಸ ಇನ್ವರ್ಟರ್ ವೆಲ್ಡಿಂಗ್ ಸೆಟ್ ಇದಕ್ಕೆ ಆಗದು. ಶಾರ್ಟ್ ಕಂಡೊಡನೆ ಅದು ಕರೆಂಟನ್ನು ತಾನೇ ಇಳಿಸಿಬಿಡುತ್ತದೆ. ಕೋಚ್‌ಗಳ ನಡುವಿನ ಒಳ್ಳೆಯ ಜಂಪರ್ ಕೇಬಲ್‌ನಲ್ಲಿ ನೂರು, ನೂರಿಪ್ಪತ್ತು ಮಿಲಿವೋಲ್ಟ್ ಬರುತ್ತದೆ, ಆದರೆ ಆ ಅಂಕಿಗೆ ನಾನು ಬೆಲೆ ಕೊಡುವುದಿಲ್ಲ. ಆರ್, ವೈ, ಬಿ ಮೂರೂ ಫೇಸ್‌ಗಳ ಕೇಬಲ್ ಉದ್ದ ಒಂದೇ ಆದ್ದರಿಂದ ಒಂದನ್ನೊಂದರ ಜೊತೆ ಹೋಲಿಸಿದರೆ ಸಾಕು: ಒಂದು ಫೇಸ್ ಉಳಿದೆರಡಕ್ಕಿಂತ ಹದಿನೈದು ಮಿಲಿವೋಲ್ಟ್ ಮೇಲಿದ್ದರೆ ಆ ಕಪ್ಲರ್ ಬಿಚ್ಚಲೇಬೇಕು. ಹೀಗೆ ಬಿಚ್ಚಿದವುಗಳಲ್ಲಿ ಹತ್ತಕ್ಕೆ ಎಂಟರಲ್ಲಿ ಸಾಕೆಟ್‌ನೊಳಗಿನ ಸ್ಪ್ರಿಂಗ್ ಬಿಗಿ ಕಳೆದುಕೊಂಡಿತ್ತು; ಒಮ್ಮೆ ಕಾದು ಸೋತ ಸ್ಪ್ರಿಂಗನ್ನು ಎಷ್ಟು ಒರೆಸಿದರೂ ಫಲವಿಲ್ಲ, ಬದಲಾಯಿಸಬೇಕು. ನೂರಕ್ಕೂ ಹೆಚ್ಚು ಸಂಪರ್ಕಗಳಿರುವ ಇಡೀ ರೇಕನ್ನು ಇಬ್ಬರು ಟೆಕ್ನಿಷಿಯನ್‌ಗಳು ಮೂರು ಗಂಟೆಯೊಳಗೆ ಮುಗಿಸುವಂತೆ ಕ್ಲ್ಯಾಂಪ್‌ಗಳನ್ನು ಹೇಗೆ ಮಾಡಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬಂದು ನೋಡಿದವರಿಗೆ ತೋರಿಸುತ್ತೇನೆ.

ಇಂಥ ಸಣ್ಣ ರೋಧ ಅಳೆಯುವ, ಲಕ್ಷ ರೂಪಾಯಿ ದಾಟುವ ಮೈಕ್ರೋಓಮ್ ಮೀಟರ್ ಕೇಳಿದ್ದರೆ ಕಡತ ಇನ್ನೂ ಓಡಾಡುತ್ತಿತ್ತು. ನನಗೆ ಖರ್ಚಾದದ್ದು ಮೀಟರ್, ಕ್ಲ್ಯಾಂಪ್, ತಂತಿ ಎಲ್ಲ ಸೇರಿ ಒಂಬತ್ತು, ಹತ್ತು ಸಾವಿರ. ವೆಲ್ಡಿಂಗ್ ಸೆಟ್‌ನಿಂದ ಅಳತೆಯೇ ಎಂದು ನಕ್ಕ ಹಿರಿಯರಿಗೆ ನಾನು ಕೊಟ್ಟ ಉತ್ತರ ಡೀಸೆಲ್ ಲೆಕ್ಕ. ದಾರಿಯಲ್ಲಿ ಎಚ್‌ಒಜಿ ಕೈಕೊಟ್ಟರೆ ಪವರ್ ಕಾರ್ ಗಂಟೆಗೆ ಅರವತ್ತು, ಎಪ್ಪತ್ತು ಲೀಟರ್ ಕುಡಿಯುತ್ತದೆ. ಹತ್ತು ಗಂಟೆಯ ಒಂದು ರಾತ್ರಿಗೆ ಐವತ್ತು ಸಾವಿರ ರೂಪಾಯಿ ದಾಟುತ್ತದೆ. ತಿಂಗಳಿಗೆ ಎರಡೋ ಮೂರೋ ಸುಡುತ್ತಿದ್ದ ಕಪ್ಲರ್‌ಗಳು ಕಳೆದ ಬೇಸಿಗೆಯಿಡೀ ಒಂದೂ ಸುಡಲಿಲ್ಲ. ನಕ್ಕವರಲ್ಲಿ ಒಬ್ಬರು ಈಗ ತಮ್ಮ ಡಿಪೋದಲ್ಲಿ ಹಳೆಯ ರೆಕ್ಟಿಫೈಯರ್ ಹುಡುಕಿಸುತ್ತಿದ್ದಾರೆ.

ಯುರೋಪಿನ ಯುಐಸಿ (ಅಂತರರಾಷ್ಟ್ರೀಯ ರೈಲ್ವೆ ಒಕ್ಕೂಟ) ಪದ್ಧತಿಯಲ್ಲಿ ಒಂದೇ ತಂತಿ, ವಾಪಸಾತಿ ಹಳಿಯ ಮೂಲಕ. ವೋಲ್ಟೇಜ್ 1000, 1500 ಅಥವಾ 3000 ಇರುತ್ತದೆ, ಪಿನ್ನೂ ಒಂದೇ. ಅಲ್ಲಿ ನನ್ನ ಹೋಲಿಕೆಯ ಉಪಾಯ ನಡೆಯದು. ಮೂರು ಫೇಸ್ ಇರುವುದೇ ನಮ್ಮ ಅನುಕೂಲ.

ಇದರ ನಡುವೆ ಪಿನ್‌ಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚಿ ನೋಡಿದೆ. ಮಳೆಗಾಲದಲ್ಲಿ ತೇವ ತಡೆಯಿತು, ಬೇಸಿಗೆಯ ಧೂಳಿನಲ್ಲಿ ಅಂಟುಹೊಲಸಾಯಿತು. ಈಗ ಸೀಲ್‌ಗೆ ಮಾತ್ರ ಹಚ್ಚಿಸುತ್ತೇನೆ. ಸದ್ಯದ ತಲೆನೋವು ನ್ಯೂಟ್ರಲ್ ಸೆಕ್ಷನ್, ಅಂದರೆ ಮೇಲಿನ ತಂತಿಯಲ್ಲಿ ವಿದ್ಯುತ್ ಇಲ್ಲದ ತುಣುಕು: ಎಂಜಿನ್ ಅದನ್ನು ದಾಟುವಾಗ ಸಪ್ಲೈ ಹೋಗಿ ಮರಳುವುದರಿಂದ ಕಂಪ್ರೆಸರ್‌ಗಳು ಒಟ್ಟಿಗೆ ಏಳದಂತೆ ಕೋಚಿನಿಂದ ಕೋಚಿಗೆ ಟೈಮರ್ ಬದಲಿಸಿ ನೋಡುತ್ತಿದ್ದೇನೆ. ಒಂದು ರೇಕ್‌ನಲ್ಲಿ ಟ್ರಿಪ್ ಕಡಿಮೆಯಾಗಿದೆ, ಎರಡನೆಯದಕ್ಕೆ ಅನುಮತಿ ಬರಬೇಕಿದೆ.