ಶ್ಪೆಟ್ಸ್‌ಲೆ ಜೊತೆ ಫಶೀರ್ಟೆ ಲೈಬ್‌ಖೆನ್: ಆಸ್ಟ್ರಿಯಾ, ಜರ್ಮನಿ ಮನೆಗಳ ಕೈಮಾ ಉಂಡೆ ಮತ್ತು ಮೊಟ್ಟೆ ನೂಡಲ್ಸ್

ಬರ್ಲಿನ್‌ನಲ್ಲಿ ಬುಲೆಟ್ಟೆ, ಉತ್ತರ ಜರ್ಮನಿಯಲ್ಲಿ ಫ್ರಿಕಡೆಲ್ಲೆ, ಷ್ವಾಬೆನ್ ಸೀಮೆಯಲ್ಲಿ ಫ್ಲೈಶ್‌ಕ್ಯೂಶ್ಲೆ, ಗಡಿ ದಾಟಿ ಆಸ್ಟ್ರಿಯಾಕ್ಕೆ ಹೋದರೆ ಫಶೀರ್ಟೆ ಲೈಬ್‌ಖೆನ್. ಹೆಸರು ಊರಿಗೊಂದು, ಅಡುಗೆ ಬಹುಪಾಲು ಒಂದೇ: ಹಂದಿ ಮತ್ತು ದನದ ಮಾಂಸ ಸಮಸಮ ಬೆರೆಸಿದ ಕೈಮಾ, ಹಾಲಿನಲ್ಲಿ ನೆನೆಸಿದ ಹಳೆಯ ಬನ್ನು, ಬಾಡಿಸಿದ ಈರುಳ್ಳಿ, ಒಂದು ಮೊಟ್ಟೆ. ನಮ್ಮ ಕೈಮಾ ಉಂಡೆಯಲ್ಲಿ ಹುರಿಗಡಲೆ ಪುಡಿ ಮಾಡುವ ಕೆಲಸವನ್ನು ಅಲ್ಲಿ ನೆನೆದ ಬನ್ನು ಮಾಡುತ್ತದೆ. ಆದರೆ ಚಕ್ಕೆ ಲವಂಗ ಇಲ್ಲ, ಖಾರ ಇಲ್ಲ, ತೆಂಗಿನಕಾಯಿ ಇಲ್ಲ. ಹದ ತಪ್ಪಿದರೆ ಮಸಾಲೆ ಬಂದು ಕಾಪಾಡುವುದಿಲ್ಲ. ಉಂಡೆ ಇರಲಿ, ನೂಡಲ್ಸ್ ಇರಲಿ, ಕೆಟ್ಟರೆ ಹೆಚ್ಚಾಗಿ ನೀರಿನಂಶದಲ್ಲೇ ಕೆಡುತ್ತದೆ. ಅದಕ್ಕೇ ಕೆಳಗೆ ಗ್ರಾಂ, ಮಿಲಿಲೀಟರ್ ಲೆಕ್ಕ ಕೊಟ್ಟಿದ್ದೇವೆ. ಎಲ್ಲ ಅಳತೆಯೂ ನಾಲ್ಕು ಜನಕ್ಕೆ.

ಮೊದಲು ನೂಡಲ್ಸ್ ಹಿಟ್ಟು ಕಲಸಿಡಿ, ಅದಕ್ಕೆ ಅರ್ಧ ಗಂಟೆ ವಿಶ್ರಾಂತಿ ಬೇಕು. ಆ ಹೊತ್ತಿನಲ್ಲಿ ಕೈಮಾ ಸಿದ್ಧ ಮಾಡಿ, ಹುರಿದು, ಸಾಸ್ ಕೂಡಿಸಿ. ನೂಡಲ್ಸ್ ಬೇಯಿಸುವುದು ಎಲ್ಲಕ್ಕಿಂತ ಕೊನೆಗೆ. ಮೊದಲೇ ಬೇಯಿಸಿಟ್ಟರೆ ಒಂದಕ್ಕೊಂದು ಅಂಟಿ ಗಟ್ಟಿಯಾಗಿ ಕೂರುತ್ತದೆ.

ಶ್ಪೆಟ್ಸ್‌ಲೆ ಹಿಟ್ಟು

ಶ್ಪೆಟ್ಸ್‌ಲೆ ಜರ್ಮನಿಯ ನೈಋತ್ಯ ಮೂಲೆಯ, ಸ್ಟುಟ್‌ಗಾರ್ಟ್ ಸುತ್ತಲಿನ ಷ್ವಾಬೆನ್ ಸೀಮೆಯ ತಿನಿಸು. 2012ರಿಂದ ಷ್ವಾಬೆನ್ ಶ್ಪೆಟ್ಸ್‌ಲೆಗೆ ಐರೋಪ್ಯ ಒಕ್ಕೂಟದ ಭೌಗೋಳಿಕ ಗುರುತಿನ ರಕ್ಷಣೆಯೂ ಇದೆ. ಇದನ್ನು ಲಟ್ಟಿಸಿ ಕತ್ತರಿಸುವುದಿಲ್ಲ. ಬೋಂಡಾ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ತುಂಬಾ ಸಡಿಲವಾದ ಹಿಟ್ಟನ್ನು ನೇರವಾಗಿ ಕುದಿಯುವ ನೀರಿಗೆ ಬಿಡುತ್ತಾರೆ.

ಅಲ್ಲಿನ ಮನೆಗಳ ಲೆಕ್ಕ ಸುಲಭ: 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ. ನಾಲ್ಕು ಜನಕ್ಕೆ 400 ಗ್ರಾಂ ಹಿಟ್ಟು, 4 ಮೊಟ್ಟೆ, ಒಂದು ಚಮಚ ಉಪ್ಪು, ಚಿಟಿಕೆ ಜಾಯಿಕಾಯಿ ಪುಡಿ, 125 ಮಿ.ಲೀ. ನೀರು. ಇನ್ನು 50 ಮಿ.ಲೀ. ನೀರನ್ನು ಪಕ್ಕದಲ್ಲಿಟ್ಟುಕೊಂಡಿರಿ. ಮೊಟ್ಟೆ ಚಿಕ್ಕದಾಗಿದ್ದರೆ ಐದು ಹಾಕಿ, ನೀರು ಅಷ್ಟು ಕಡಿಮೆ ಮಾಡಿ. ಆಸ್ಟ್ರಿಯಾದಲ್ಲಿ ಇದರ ತಮ್ಮನಂತಿರುವ ನೋಕರ್ಲ್‌ಗೆ ನೀರಿನ ಬದಲು ಹಾಲು ಹಾಕುವವರು ಹೆಚ್ಚು. ಅದು ಇನ್ನೂ ಮೆತ್ತಗಾಗುತ್ತದೆ, ಆದರೆ ಜಗಿಯುವಾಗಿನ ಬಿಗಿ ಹೋಗುತ್ತದೆ. ನಮ್ಮ ಮತ ನೀರಿಗೇ.

ಜರ್ಮನಿಯ ಅಂಗಡಿಗಳಲ್ಲಿ ಶ್ಪೆಟ್ಸ್‌ಲೆಗೆಂದೇ ಕೊಂಚ ತರಿತರಿಯಾದ ಗೋಧಿ ಹಿಟ್ಟು ಸಿಗುತ್ತದೆ, ಆಸ್ಟ್ರಿಯಾದಲ್ಲಿ 'ಗ್ರಿಫಿಗ್' ಎಂದು ಬರೆದ ಪೊಟ್ಟಣ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಾಡುವವರು 300 ಗ್ರಾಂ ಮೈದಾಕ್ಕೆ 100 ಗ್ರಾಂ ಚಿರೋಟಿ ರವೆ ಬೆರೆಸಿದರೆ ಆ ಗುಣ ಬಹಳ ಹತ್ತಿರ ಬರುತ್ತದೆ. ಬರೀ ಮೈದಾದಲ್ಲೂ ಆಗುತ್ತದೆ, ಆದರೆ ಬೆಂದ ಮೇಲೆ ಮೇಲ್ಮೈ ಲೋಳೆಲೋಳೆ ಎನಿಸಬಹುದು. ದಪ್ಪ ರವೆ ಬೇಡ, ಅರ್ಧ ಗಂಟೆಯಲ್ಲಿ ಅದು ನೆನೆಯುವುದಿಲ್ಲ.

ದೊಡ್ಡ ಬಟ್ಟಲಿಗೆ ಹಿಟ್ಟು, ಉಪ್ಪು, ಜಾಯಿಕಾಯಿ ಹಾಕಿ, ನಡುವೆ ಗುಳಿ ಮಾಡಿ ಮೊಟ್ಟೆ ಒಡೆದು ಹಾಕಿ, ನೀರು ಬಿಡಿ. ಮರದ ಸೌಟಿನಿಂದ ಕಲಸಿ, ಗಂಟು ಕರಗಿದ ಮೇಲೆ ಬಡಿಯಲು ಶುರು ಮಾಡಿ. ಬಟ್ಟಲನ್ನು ತುಸು ಓರೆ ಹಿಡಿದು, ಹಿಟ್ಟನ್ನು ತಳದಿಂದ ಎತ್ತಿ ಎತ್ತಿ ಮಗುಚುತ್ತಾ ಐದಾರು ನಿಮಿಷ. ತೋಳು ನೋಯುತ್ತದೆ, ಆದರೂ ನಿಲ್ಲಿಸಬೇಡಿ. ಮೈದಾದ ಅಂಟು ಬಲಿಯುವುದು ಈ ಬಡಿತದಲ್ಲಿ. ಹಿಟ್ಟಿನ ಮೇಲೆ ದೊಡ್ಡ ದೊಡ್ಡ ಗುಳ್ಳೆ ಏಳತೊಡಗಿ, ಮೈ ಹೊಳೆಯಲು ಶುರುವಾದರೆ ಹದಕ್ಕೆ ಬಂದಂತೆ. ಸೌಟು ಎತ್ತಿ ನೋಡಿ: ಹಿಟ್ಟು ದಪ್ಪ ಪಟ್ಟಿಯಾಗಿ ನಿಧಾನವಾಗಿ ಇಳಿದು, ಒಂದು ಗೇಣು ಉದ್ದ ಬಂದ ಮೇಲೆ ಹರಿಯಬೇಕು. ಸೌಟಿಗೇ ಕಚ್ಚಿ ನಿಂತರೆ ಚಮಚ ಚಮಚವಾಗಿ ನೀರು ಸೇರಿಸಿ. ದೋಸೆ ಹಿಟ್ಟಿನಂತೆ ಸುರಿದರೆ ಮುಷ್ಟಿ ಮೈದಾ ಸೇರಿಸಿ ಮತ್ತೆ ಬಡಿಯಿರಿ. ಒದ್ದೆ ಬಟ್ಟೆ ಮುಚ್ಚಿ 30 ನಿಮಿಷ ಬಿಡಿ. ರವೆ ಹಾಕಿದ್ದರೆ ಈ ಅವಧಿಯಲ್ಲಿ ಅದು ನೀರು ಕುಡಿದು ಹಿಟ್ಟು ಇನ್ನಷ್ಟು ಬಿಗಿಯುತ್ತದೆ, ಬೇಯಿಸುವ ಮುನ್ನ ಹದವನ್ನು ಇನ್ನೊಮ್ಮೆ ನೋಡಿ.

ಉಂಡೆಗೆ ಕೈಮಾ

500 ಗ್ರಾಂ ಕೈಮಾ, ಅದರಲ್ಲಿ ಸುಮಾರು ಐದನೇ ಒಂದು ಪಾಲು ಕೊಬ್ಬಿರಲಿ. ಹಂದಿ, ದನ ಸಮಪಾಲು ಎನ್ನುವುದಕ್ಕೆ ಕಾರಣವಿದೆ: ಹಂದಿಯ ಕೊಬ್ಬು ಬೇಗ ಕರಗಿ ಮೆದು ಕೊಡುತ್ತದೆ, ದನದ ಮಾಂಸ ರುಚಿ ಕೊಡುತ್ತದೆ. ಇವೆರಡೂ ಬೇಡ ಎನ್ನುವ ಮನೆಗಳಲ್ಲಿ 300 ಗ್ರಾಂ ಮಟನ್ ಕೈಮಾ, 200 ಗ್ರಾಂ ಕೋಳಿ ತೊಡೆಯ ಕೈಮಾ, 20 ಗ್ರಾಂ ಬೆಣ್ಣೆ ಸೇರಿಸಿ ಮಾಡಬಹುದು. ಕೋಳಿ ಎದೆ ಮಾಂಸ ಮಾತ್ರ ಬೇಡ, ಎಷ್ಟು ಬನ್ನು ಹಾಕಿದರೂ ಒಣಗುತ್ತದೆ. ಕೈಮಾ ಮಾಡಿಸಿದ ದಿನವೇ ಬಳಸಿ.

ಉಳಿದದ್ದು: 50 ಗ್ರಾಂನಷ್ಟು ಹಳೆಯ, ಒಣಗಿದ ಬನ್ನು, 120 ಮಿ.ಲೀ. ಹಾಲು, ಒಂದು ದೊಡ್ಡ ಈರುಳ್ಳಿ, ಒಂದು ಎಸಳು ಬೆಳ್ಳುಳ್ಳಿ, ಒಂದು ಮೊಟ್ಟೆ, ಒಂದು ಚಮಚ ಸಾಸಿವೆ ಪೇಸ್ಟ್, ಒಂದು ಚಮಚ ಒಣಗಿದ ಮಾರ್ಜೋರಮ್ (ಓರೆಗಾನೊ ಜಾತಿಯ ಘಮದ ಸೊಪ್ಪು), ಎರಡು ದೊಡ್ಡ ಚಮಚ ಹೆಚ್ಚಿದ ಪಾರ್ಸ್ಲಿ, 9 ಗ್ರಾಂ ಉಪ್ಪು (ಒಂದೂವರೆ ಚಮಚ), ಅರ್ಧ ಚಮಚ ಕಾಳುಮೆಣಸಿನ ಪುಡಿ. ಮಾರ್ಜೋರಮ್ ಬಿಡಬೇಡಿ, ಆಸ್ಟ್ರಿಯಾದ ಲೈಬ್‌ಖೆನ್‌ನ ವಾಸನೆ ಇರುವುದೇ ಅದರಲ್ಲಿ. ಪಾರ್ಸ್ಲಿ ಸಿಗದಿದ್ದರೆ ಬಿಟ್ಟುಬಿಡಿ. ಕೊತ್ತಂಬರಿ ಹಾಕಿದರೆ ಅದು ಬೇರೆಯೇ ತಿನಿಸಾಗುತ್ತದೆ. ನಮ್ಮ ಬೇಕರಿಗಳ ಬನ್ನು, ಪಾವ್‌ನಲ್ಲಿ ಸಕ್ಕರೆ ಇರುವುದರಿಂದ ಉಂಡೆ ಬೇಗ ಕಪ್ಪಾಗುತ್ತದೆ. ಸಿಹಿಯಿಲ್ಲದ ಬ್ರೆಡ್ ತಂದು ಒಂದು ರಾತ್ರಿ ತೆರೆದಿಡಿ.

ಬನ್ನನ್ನು ಚಿಕ್ಕದಾಗಿ ಮುರಿದು ಉಗುರು ಬೆಚ್ಚಗಿನ ಹಾಲಿನಲ್ಲಿ ಹತ್ತು ನಿಮಿಷ ನೆನೆಸಿ, ಕೈಯಲ್ಲಿ ಕಿವುಚಿ ಮುದ್ದೆ ಮಾಡಿ. ಹಾಲನ್ನು ಹಿಂಡಿ ತೆಗೆಯಬೇಡಿ. ಬ್ರೆಡ್ಡಿನ ಪಿಷ್ಟ ಹಿಡಿದಿಟ್ಟುಕೊಳ್ಳುವ ಆ ಹಾಲೇ ಬೆಂದ ಉಂಡೆಯನ್ನು ಮೆತ್ತಗಿಡುವುದು. ನೆನೆಸದ ಬ್ರೆಡ್ ಪುಡಿಯನ್ನು ನೇರವಾಗಿ ಕೈಮಾಕ್ಕೆ ಹಾಕಿದರೆ ಅದು ಮಾಂಸದ ರಸವನ್ನೇ ಹೀರುತ್ತದೆ. ಈ ತಿನಿಸು ಒಣಗಿತು ಎಂಬ ದೂರಿಗೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಇದು.

ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಒಂದು ಚಮಚ ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ. ಬೆಳ್ಳುಳ್ಳಿ ಕೊನೆಯ ಅರ್ಧ ನಿಮಿಷಕ್ಕೆ. ಪೂರ್ತಿ ಆರಲು ಬಿಡಿ. ಹಸಿ ಈರುಳ್ಳಿ ಹುರಿಯುವಾಗ ನೀರು ಬಿಟ್ಟು ಉಂಡೆ ಬಿರಿಯುತ್ತದೆ, ಬಿಸಿ ಈರುಳ್ಳಿ ಕೈಮಾದ ಕೊಬ್ಬನ್ನು ಬಟ್ಟಲಲ್ಲೇ ಕರಗಿಸುತ್ತದೆ.

ಫ್ರಿಜ್‌ನಿಂದ ತೆಗೆದ ತಣ್ಣನೆಯ ಕೈಮಾಕ್ಕೆ ಎಲ್ಲವನ್ನೂ ಹಾಕಿ ಬೆರಳುಗಳಿಂದ ಬೆರೆಸಿ. ಸುಮಾರು ಎರಡು ನಿಮಿಷ, ಎಲ್ಲ ಒಂದಕ್ಕೊಂದು ಹಿಡಿದು ಕೈಗೆ ತುಸು ಅಂಟತೊಡಗುವವರೆಗೆ ಸಾಕು. ಉಪ್ಪು ಮಾಂಸದ ಪ್ರೋಟೀನನ್ನು ಬಿಡಿಸಿ ಅಂಟು ಮಾಡುತ್ತದೆ. ಅಷ್ಟು ಅಂಟು ಬೇಕು, ಇಲ್ಲದಿದ್ದರೆ ಉಂಡೆ ಒಡೆಯುತ್ತದೆ. ನಾದುತ್ತಲೇ ಹೋದರೆ ಸಾಸೇಜಿನಂತೆ ರಬ್ಬರಾಗುತ್ತದೆ. ಹಸಿ ಮಾಂಸದ ರುಚಿ ನೋಡುವಂತಿಲ್ಲವಾದ್ದರಿಂದ ನೆಲ್ಲಿಕಾಯಿ ಗಾತ್ರದ್ದೊಂದನ್ನು ಹುರಿದು ಉಪ್ಪು ನೋಡಿ, ಬೇಕಿದ್ದರೆ ಈಗಲೇ ಸರಿ ಮಾಡಿ. ಮುಚ್ಚಿ 20 ನಿಮಿಷ ಫ್ರಿಜ್‌ನಲ್ಲಿಡಿ.

ಹುರಿಯುವುದು

ಕೈ ಒದ್ದೆ ಮಾಡಿಕೊಂಡು ತಲಾ 90 ಗ್ರಾಂನ ಎಂಟೊಂಬತ್ತು ಉಂಡೆ ಕಟ್ಟಿ, ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ. ಬೇಯುವಾಗ ನಡುಭಾಗ ಉಬ್ಬುತ್ತದೆ, ಅದಕ್ಕೆ ಹೆಬ್ಬೆರಳಿನಿಂದ ನಡುವೆ ಸಣ್ಣ ತಗ್ಗು ಮಾಡಿ. ಆಸ್ಟ್ರಿಯಾದ ಹಲವು ಮನೆಗಳಲ್ಲಿ ಈ ಹಂತದಲ್ಲಿ ಸಣ್ಣನೆಯ ಬ್ರೆಡ್ ಪುಡಿಯಲ್ಲಿ ಎರಡೂ ಕಡೆ ಹೊರಳಿಸುತ್ತಾರೆ, ಗರಿ ಬರುತ್ತದೆ. ಸಾಸ್ ಮಾಡುವುದಿದ್ದರೆ ಪುಡಿ ತೆಳ್ಳಗಿರಲಿ, ಉದುರಿದ್ದು ಬಾಣಲೆಯಲ್ಲಿ ಕರಟುತ್ತದೆ.

ಅಲ್ಲಿನವರು ಹುರಿಯಲು ಬಳಸುವ ಬುಟರ್‌ಶ್ಮಾಲ್ಟ್ಸ್ ಎಂದರೆ ನೀರು, ಹಾಲಿನಂಶ ತೆಗೆದ ಬೆಣ್ಣೆ. ನಮ್ಮ ತುಪ್ಪ ಆ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ದಪ್ಪ ತಳದ ಅಗಲ ಬಾಣಲೆಯಲ್ಲಿ ಮೂರು ದೊಡ್ಡ ಚಮಚ ತುಪ್ಪ ಕಾಯಿಸಿ, ಉಂಡೆ ಇಟ್ಟ ಕೂಡಲೇ ಉರಿಯನ್ನು ಮಧ್ಯಮಕ್ಕೆ ಇಳಿಸಿ. ನಡುನಡುವೆ ಎರಡು ಬೆರಳು ಜಾಗ ಬಿಡಿ, ಒತ್ತೊತ್ತಾಗಿ ಇಟ್ಟರೆ ಆವಿಯಲ್ಲಿ ಬೆಂದು ಬೆಳ್ಳಗೆ ಉಳಿಯುತ್ತವೆ. ಮೊದಲ ನಾಲ್ಕೈದು ನಿಮಿಷ ಮುಟ್ಟಬೇಡಿ. ಕೆಳಗೆ ಹೊಂಬಣ್ಣದ ಹೊರಪದರ ಕಟ್ಟಿದ ಮೇಲೆ ಉಂಡೆ ತಾನಾಗಿ ಬಾಣಲೆ ಬಿಡುತ್ತದೆ. ಎಬ್ಬಿಸುವಾಗ ಹರಿದರೆ ಇನ್ನೂ ಸಮಯ ಆಗಿಲ್ಲ ಎಂದರ್ಥ. ಮಗುಚಿ ಮತ್ತೆ ಐದು ನಿಮಿಷ. ಸೌಟಿನಿಂದ ಒತ್ತಬೇಡಿ, ಚುರ್ ಎಂದು ಹೊರಬರುವುದು ನೀವು ಇಷ್ಟು ಹೊತ್ತು ಕಾಪಾಡಿದ ರಸ. ಥರ್ಮಾಮೀಟರ್ ಇದ್ದರೆ ನಡುಭಾಗ 72 ಡಿಗ್ರಿ ಸೆಲ್ಸಿಯಸ್, ಕೋಳಿ ಬೆರೆಸಿದ್ದರೆ 75. ಇಲ್ಲದಿದ್ದರೆ ಒಂದನ್ನು ಮುರಿದು ನೋಡಿ, ಒಳಗೆ ಹಸಿಗೆಂಪು ಇರಬಾರದು, ಹರಿಯುವ ರಸ ತಿಳಿಯಾಗಿರಬೇಕು. ತೆಗೆದು ತಟ್ಟೆಯಲ್ಲಿ ಸಡಿಲವಾಗಿ ಮುಚ್ಚಿಡಿ.

ಅದೇ ಬಾಣಲೆಯಲ್ಲಿ ಸಾಸ್

ಒಂದು ಚಮಚ ಉಳಿಯುವಷ್ಟು ಜಿಡ್ಡು ಬಿಟ್ಟು ಉಳಿದದ್ದನ್ನು ಬಸಿಯಿರಿ. ತಳಕ್ಕೆ ಅಂಟಿದ್ದು ಕಂದು ಬಣ್ಣವಿದ್ದರೆ ಅದೇ ಸಾಸ್‌ನ ಜೀವ, ಕಪ್ಪಾಗಿದ್ದರೆ ಒರೆಸಿ ತೆಗೆಯಿರಿ, ಕಹಿ ಹೋಗುವುದಿಲ್ಲ. ಒಂದು ಸಣ್ಣ ಈರುಳ್ಳಿ ಬಾಡಿಸಿ, ಒಂದು ದೊಡ್ಡ ಚಮಚ ಮೈದಾ ಹಾಕಿ ಒಂದು ನಿಮಿಷ ಹುರಿಯಿರಿ. ಉರಿ ಆರಿಸಿ ಒಂದು ಚಮಚ ಖಾರವಿಲ್ಲದ ಪ್ಯಾಪ್ರಿಕಾ ಪುಡಿ ಸೇರಿಸಿ, ಉರಿಯ ಮೇಲೆ ಹಾಕಿದರೆ ಅದು ಕ್ಷಣದಲ್ಲಿ ಸೀಯುತ್ತದೆ. 400 ಮಿ.ಲೀ. ಮಾಂಸದ ಅಥವಾ ತರಕಾರಿಯ ಸ್ಟಾಕ್ (ಬೇಯಿಸಿ ಸೋಸಿದ ತಿಳಿಸಾರು) ಸ್ವಲ್ಪ ಸ್ವಲ್ಪ ಬಿಡುತ್ತಾ ತಳ ಕೆರೆದು ಕಲಕಿ, ಮತ್ತೆ ಉರಿ ಹಚ್ಚಿ ಎಂಟು ನಿಮಿಷ ಸಣ್ಣಗೆ ಕುದಿಸಿ.

150 ಗ್ರಾಂ ಸೌರ್ ಕ್ರೀಮಿಗೆ ಒಂದು ಚಮಚ ಮೈದಾ ಕದಡಿ, ಮೊದಲು ಒಂದು ಸೌಟು ಬಿಸಿ ಸಾಸ್ ಬೆರೆಸಿ ಬೆಚ್ಚಗೆ ಮಾಡಿ, ಆಮೇಲೆ ಬಾಣಲೆಗೆ ಸೇರಿಸಿ. ನೇರವಾಗಿ ಸುರಿದರೆ ಒಡೆಯುತ್ತದೆ. ಸೌರ್ ಕ್ರೀಮ್ ಬದಲಿಗೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ, ಹೆಚ್ಚು ಹುಳಿಯಿಲ್ಲದ ಗಟ್ಟಿ ಮೊಸರು 120 ಗ್ರಾಂ, ಕೆನೆ ಎರಡು ದೊಡ್ಡ ಚಮಚ. ಉಂಡೆಗಳನ್ನು ಸಾಸ್‌ಗೆ ಇಳಿಸಿ ಸಣ್ಣ ಉರಿಯಲ್ಲಿ ಮೂರು ನಿಮಿಷ ಬಿಸಿ ಮಾಡಿ.

ನೂಡಲ್ಸ್ ಬಿಡುವುದು

ಅಗಲ ಪಾತ್ರೆಯಲ್ಲಿ ನಾಲ್ಕು ಲೀಟರ್ ನೀರಿಗೆ 40 ಗ್ರಾಂ ಉಪ್ಪು ಹಾಕಿ ಕುದಿಸಿ. ಷ್ವಾಬೆನ್‌ನ ಹಳೆಯ ಪದ್ಧತಿ ಹಲಗೆಯದು: ಹಿಡಿ ಇರುವ, ಅಂಚು ತೆಳುವಾದ ಮರದ ಹಲಗೆಯನ್ನು ಕುದಿ ನೀರಲ್ಲಿ ಅದ್ದಿ, ಮೇಲೆ ಎರಡು ಸೌಟು ಹಿಟ್ಟು ಹರಡಿ, ಪಾತ್ರೆಯ ಅಂಚಿಗೆ ಊರಿ ಹಿಡಿದು, ಉದ್ದನೆಯ ಚಾಕುವಿನಿಂದ ಹಿಟ್ಟಿನ ತೆಳುವಾದ ಎಳೆಗಳನ್ನು ನೀರಿಗೆ ಕೆರೆದು ಬೀಳಿಸುವುದು. ನಾಲ್ಕೈದು ಎಳೆಗೊಮ್ಮೆ ಚಾಕು, ಹಲಗೆ ಎರಡನ್ನೂ ನೀರಿಗೆ ಅದ್ದದಿದ್ದರೆ ಹಿಟ್ಟು ಜಾರುವುದಿಲ್ಲ. ಕೈ ಕೂರುವವರೆಗೆ ಎಳೆ ಒಂದು ದಪ್ಪ ಒಂದು ತೆಳು ಬರುತ್ತದೆ. ಸ್ವಲ್ಪ ಏರುಪೇರೇ ಚೆಂದ, ಸಾಸ್ ಅದರಲ್ಲಿ ನಿಲ್ಲುತ್ತದೆ.

ಈ ಅಭ್ಯಾಸ ಬೇಡವೆಂದರೆ ಚಕ್ಕುಲಿ ಒರಳಿಗೆ ದಪ್ಪ ಖಾರಾಸೇವೆ ಬಿಲ್ಲೆ ಹಾಕಿ ಒತ್ತಿ, ಅಲ್ಲಿನ ಶ್ಪೆಟ್ಸ್‌ಲೆ ಪ್ರೆಸ್ ಕೆಲಸ ಮಾಡುವುದೂ ಹೀಗೆಯೇ. ಇದಕ್ಕೆ ಹಿಟ್ಟು ತುಸು ಗಟ್ಟಿ ಇರಲಿ. ಬೂಂದಿ ಜಾಲರಿಯ ಮೇಲೆ ಹಿಟ್ಟು ಹಾಕಿ ಸೌಟಿನ ಬೆನ್ನಿನಿಂದ ತಿಕ್ಕಿದರೆ ಗುಂಡಿಯಂಥ ಮೊಟಕು ತುಂಡು ಬೀಳುತ್ತದೆ, ಇದು ಕ್ನೋಪ್ಫ್‌ಲೆ. ಜಾಲರಿಯನ್ನು ಆವಿಯ ಮೇಲೆ ಬಹಳ ಹೊತ್ತು ಹಿಡಿದರೆ ತೂತಿನಲ್ಲೇ ಹಿಟ್ಟು ಬೆಂದು ಕಟ್ಟಿಕೊಳ್ಳುತ್ತದೆ, ಕೈ ಚುರುಕಿರಲಿ.

ಒಂದು ಸಲಕ್ಕೆ ಕಾಲು ಪಾಲು ಹಿಟ್ಟು ಮಾತ್ರ. ಮೇಲೆ ತೇಲಿ ಬಂದ ಮೇಲೆ ಇನ್ನೊಂದು ನಿಮಿಷ ಬಿಟ್ಟು ಜಾಲರಿ ಸೌಟಿನಿಂದ ಎತ್ತಿ, ಬೆಣ್ಣೆ ಹಾಕಿಟ್ಟ ಬಿಸಿ ಬಟ್ಟಲಿಗೆ ಹಾಕಿ ಕುಲುಕಿ. ಮೊದಲ ಎಳೆ ನೀರಲ್ಲಿ ಕದಡಿ ಮೋಡದಂತಾದರೆ ಹಿಟ್ಟು ನೀರಾಗಿದೆ, ಇಲ್ಲವೇ ಬಡಿದದ್ದು ಸಾಲದು. ಬೆಂದರೂ ನಡುವೆ ಹಿಟ್ಟು ಹಿಟ್ಟಾಗಿದ್ದರೆ ಎಳೆ ದಪ್ಪವಾಯಿತು. ತಕ್ಷಣ ಬಡಿಸುವುದಾದರೆ ತಣ್ಣೀರಿಗೆ ಹಾಕಬೇಡಿ. ಗಂಟೆ ಬಿಟ್ಟು ಊಟವಾದರೆ ಮಾತ್ರ ತಣ್ಣೀರಿನಲ್ಲಿ ಅದ್ದಿ, ಚೆನ್ನಾಗಿ ಬಸಿದು, ಬಡಿಸುವಾಗ ಬೆಣ್ಣೆಯಲ್ಲಿ ಬಿಸಿ ಮಾಡಿ.

ಹುರಿಯದೆ ಬೇಯಿಸುವ ಬಗೆ

ಕೋನಿಗ್ಸ್‌ಬೆರ್ಗರ್ ಕ್ಲೋಪ್ಸೆ ಜರ್ಮನಿಯ ಇನ್ನೊಂದು ಹೆಸರಾಂತ ಉಂಡೆ. ಕೋನಿಗ್ಸ್‌ಬೆರ್ಗ್ ಈಗ ರಷ್ಯಾದ ಕಲಿನಿನ್‌ಗ್ರಾದ್, 1946ರಲ್ಲಿ ಹೆಸರು ಬದಲಾಯಿತು. ಮೇಲಿನ ಕೈಮಾದಿಂದ ಮಾರ್ಜೋರಮ್, ಬೆಳ್ಳುಳ್ಳಿ ಬಿಟ್ಟು, ಉಪ್ಪಿನಲ್ಲಿಟ್ಟ ಆಂಚೋವಿ ಮೀನಿನ ಎರಡು ತುಂಡು ಅರೆದು ಸೇರಿಸಿ, ಉಪ್ಪನ್ನು 6 ಗ್ರಾಂಗೆ ಇಳಿಸಿ. 50 ಗ್ರಾಂನ ಗುಂಡು ಉಂಡೆ ಕಟ್ಟಿ, ಪಲಾವ್ ಎಲೆ, ಕಾಳುಮೆಣಸು ಹಾಕಿದ ಒಂದು ಲೀಟರ್ ಸ್ಟಾಕ್‌ನಲ್ಲಿ ಹದಿನೈದು ನಿಮಿಷ ಬೇಯಿಸಿ. ನೀರು ಅಲುಗಾಡಬೇಕು, ಕುದಿಯಬಾರದು. ಕೊತಕೊತ ಕುದಿದರೆ ಉಂಡೆ ಬಿಚ್ಚಿ ಸಾರು ಕದಡುತ್ತದೆ. 40 ಗ್ರಾಂ ಬೆಣ್ಣೆಯಲ್ಲಿ 40 ಗ್ರಾಂ ಮೈದಾವನ್ನು ಬಣ್ಣ ಬದಲಾಗದಂತೆ ಹುರಿದು, ಬೇಯಿಸಿದ ಸಾರು ಅರ್ಧ ಲೀಟರ್, ಕೆನೆ 100 ಮಿ.ಲೀ. ಸೇರಿಸಿ ಹತ್ತು ನಿಮಿಷ ಕುದಿಸಿ. ಎರಡು ದೊಡ್ಡ ಚಮಚ ಕೇಪರ್ಸ್ (ಉಪ್ಪಿನಕಾಯಿಯಂತೆ ಹಾಕಿಟ್ಟ ಹೂಮೊಗ್ಗು), ನಿಂಬೆರಸ ಹಾಕಿ, ಉರಿ ಆರಿಸಿದ ಮೇಲೆ ಒಂದು ಮೊಟ್ಟೆಯ ಹಳದಿ ಕದಡಿ ಸೇರಿಸಿ. ಇದಕ್ಕೆ ವಾಡಿಕೆಯ ಜೋಡಿ ಬೇಯಿಸಿದ ಆಲೂಗಡ್ಡೆ, ಆದರೆ ಈ ಬಿಳಿ ಹುಳಿ ಸಾಸ್ ಶ್ಪೆಟ್ಸ್‌ಲೆಗೂ ಚೆನ್ನಾಗಿ ಹೊಂದುತ್ತದೆ.

ಉಳಿದ ಲೈಬ್‌ಖೆನ್ ಫ್ರಿಜ್‌ನಲ್ಲಿ ಎರಡು ದಿನ ಇರುತ್ತದೆ. ಸಾಸ್‌ನಲ್ಲಿ ಮುಳುಗಿಸದೆ ಬೇರೆ ಇಡಿ. ಅಲ್ಲಿನವರು ಇದನ್ನು ತಣ್ಣಗೇ ಬನ್ನಿನ ನಡುವೆ ಸಾಸಿವೆ ಹಚ್ಚಿ ತಿನ್ನುತ್ತಾರೆ. ಉಳಿದ ಶ್ಪೆಟ್ಸ್‌ಲೆಯನ್ನು ಮರುದಿನ ಬೆಣ್ಣೆಯಲ್ಲಿ ಅಂಚು ಕೆಂಪಾಗುವವರೆಗೆ ಹುರಿದು, ಮೇಲೆ ಎರಡು ಮೊಟ್ಟೆ ಒಡೆದು ಹಾಕಿ ಕೆದಕಿ, ಹಸಿ ಸೊಪ್ಪಿನ ಸಲಾಡ್ ಜೊತೆ ಬಡಿಸಿ.