ಕಾಸರಗೋಡು ಪೇಟೆಯಲ್ಲಿ ಬ್ಯಾಟರಿ ಆಟೋದಲ್ಲಿ ಪಾರ್ಸೆಲ್: ನನ್ನ ಅನುಭವ

ಬ್ಯಾಟರಿ ಗಾಡಿಯಲ್ಲಿ ಪಾರ್ಸೆಲ್ ಕೆಲಸ ಆಗುವ ಮಾತಲ್ಲ ಎಂದವರೇ ಈಗ ಫೋನ್ ಮಾಡಿ ಲೆಕ್ಕ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿಯ ಷಟ್ಪಥ ಕೆಲಸ ಶುರುವಾದ ಮೇಲೆ ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ನಮ್ಮ ಪಾಡು ನಿಮಗೆ ಗೊತ್ತೇ ಇದೆ. ಕರಂದಕ್ಕಾಡು, ಹೊಸ ಬಸ್ ಸ್ಟ್ಯಾಂಡ್ ಕಡೆ ಫ್ಲೈಓವರ್ ಅಡಿಯಿಂದ ದಾಟಬಹುದು. ಉಳಿದ ಕಡೆ ಎದುರಿಗೇ ಕಾಣುವ ಮನೆಗೂ ಅಂಡರ್‌ಪಾಸ್ ಹುಡುಕಿಕೊಂಡು ಸರ್ವೀಸ್ ರಸ್ತೆಯಲ್ಲಿ ಸುತ್ತಬೇಕು. ಡೀಸೆಲ್ ಆಟೋಗೆ ದಿನಕ್ಕೆ ಹೆಚ್ಚುಕಮ್ಮಿ 450 ರೂಪಾಯಿ ಎಣ್ಣೆ, ಪಾರ್ಸೆಲ್ಲಿಗೆ ಸಿಗುವುದು 13-14 ರೂಪಾಯಿ. ಉಳಿಯುವುದೇನು?

ಮೊದಲು ತಂದದ್ದು ಲೆಡ್ ಆಸಿಡ್ ಬ್ಯಾಟರಿಯ ಎರಡು ಸ್ಕೂಟರ್. ಮಧೂರು ಕಡೆಯ ಏರಿನಲ್ಲಿ ಹಿಂದೆ ಚೀಲ ಕಟ್ಟಿಕೊಂಡು ಹೋದರೆ ಮಧ್ಯಾಹ್ನಕ್ಕೇ ಚಾರ್ಜ್ ಖಾಲಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕನೆಕ್ಟರ್ ಒಳಗೆ ನೀರಿಳಿದು ಹಸಿರು ಕಿಲುಬು ಹಿಡಿಯಿತು, ಒಂದು ದಿನ ಪ್ಲಗ್ ಎಳೆದರೆ ಪಿನ್ನೇ ಮುರಿದು ಕೈಗೆ ಬಂತು. ಮಾರಿದವರು ವಾರಂಟಿ ಇಲ್ಲ ಅಂದರು. ಸುಮಾರು 70,000 ಅಲ್ಲೇ ಹೋಯಿತು.

ಆಮೇಲೆ ಸಾಲ ಮಾಡಿ ಲಿಥಿಯಂ ಬ್ಯಾಟರಿಯ ಗೂಡ್ಸ್ ಆಟೋ ತಗೊಂಡೆ. ಕಂಪನಿಯವರು ನೂರು ಕಿಲೋಮೀಟರ್ ಅಂತಾರೆ, ಲೋಡ್ ಹಾಕಿ ಗುಡ್ಡೆ ಹತ್ತಿಸಿದರೆ 65-70 ಬರುತ್ತದೆ. ನಮಗೆ ಅಷ್ಟು ಸಾಕು. ರಾತ್ರಿ ಮನೆಯಲ್ಲೇ ಚಾರ್ಜ್, ಖರ್ಚು 60-70 ರೂಪಾಯಿ.

ಆದರೆ ಸುಮ್ನೆ ಗಾಡಿ ಬದಲಿಸಿದರೆ ಸಾಲದು. ಹೆದ್ದಾರಿಯ ಪಡು ಬದಿಗೊಂದು, ಮೂಡು ಬದಿಗೊಂದು ಸಣ್ಣ ಕೋಣೆ ಬಾಡಿಗೆಗೆ ಹಿಡಿದೆ, ಒಂದೊಂದಕ್ಕೆ 2,500ರ ಆಸುಪಾಸು. ಬೆಳಿಗ್ಗೆ ಏಳರ ಒಳಗೆ ಸಾಮಾನು ಎರಡು ಪಾಲಾಗಿ ಆಯಾ ಕೋಣೆಗೆ ಹೋಗಬೇಕು, ಆಮೇಲೆ ನಮ್ಮ ಹುಡುಗರು ಯಾರೂ ಹೆದ್ದಾರಿ ದಾಟುವುದಿಲ್ಲ. ಪಡು ಬದಿಯ ನೆಲ್ಲಿಕುಂಜೆ, ತಳಂಗರೆಯ ಓಣಿಗಳಿಗೆ ಸೈಕಲ್. ಮೂಡು ಬದಿಯ ಕೂಡ್ಲು, ಮಧೂರಿಗೆ ಆಟೋ. ಸೈಕಲ್ ಅಂದಾಗ ಜಾಸ್ತಿ ಜನ ನಕ್ಕರು. ಆ ಓಣಿಗಳಲ್ಲಿ ಆಟೋ ತಿರುಗಿಸುವಷ್ಟರಲ್ಲಿ ನಮ್ಮ ಹುಡುಗ ಮೂರು ಮನೆ ಮುಗಿಸುತ್ತಾನೆ! ಚೀಲದಲ್ಲಿ ಪಾರ್ಸೆಲ್ ಜೋಡಿಸುವ ಕ್ರಮ ನನ್ನದೇ, ಅದನ್ನು ಇಲ್ಲಿ ಹೇಳುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಹಗಲು ಬೀಗ ಹಾಕಿರುವ ಮನೆಗಳ ಪಾರ್ಸೆಲ್ ಅನ್ನು ಮನೆಯವರನ್ನು ಕೇಳಿ ಹತ್ತಿರದ ಜೀನಸಿನ ಅಂಗಡಿಯಲ್ಲಿ ಇಡುವುದು, ಅಂಗಡಿಯವರಿಗೆ ಒಂದಕ್ಕೆ ಎರಡು ರೂಪಾಯಿ. ಒಂದೇ ಮನೆಗೆ ಮತ್ತೆ ಮತ್ತೆ ಹೋಗುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಕ್ಯಾಶ್ ಆನ್ ಡೆಲಿವರಿ ಮಾತ್ರ ಅಲ್ಲಿ ಇಡುವುದಿಲ್ಲ, ದುಡ್ಡಿನ ಲೆಕ್ಕದಲ್ಲಿ ಅಂಗಡಿಯವರ ಜೊತೆ ಮಾತು ಬೆಳೆಯುವುದು ಬೇಡ. ಈಗ ಅದೇ ಅಂಗಡಿಗಳಿಂದ ರಿಟರ್ನ್ ಕೂಡ ಎತ್ತುತ್ತಿದ್ದೇವೆ, ಆಟೋ ಖಾಲಿ ಬರುವುದಿಲ್ಲ.